ರಿಪೇರಿಗೆ ಬಂದ ಫೋನಿನ ಗುಟ್ಟು

ಪ್ರಶ್ನೆ: ದಾವಣಗೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ವಯಸ್ಸು 23. ಡಿಸ್‌ಪ್ಲೇ ಹಾಕಲು ಬಂದ ಫೋನಿನಲ್ಲಿ ನನ್ನ ಗೆಳೆಯನ ಭಾವ ಬೇರೊಬ್ಬಳ ಜೊತೆಗಿರುವ ಫೋಟೊ, ಚಾಟ್ ಸಿಕ್ಕವು. ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೇನೆ. ಓಣಿಯ ವಾಟ್ಸ್ಆ್ಯಪ್ ಗ್ರೂಪಿಗೆ ಬಿಟ್ಟರೆ ಅಕ್ಕನಿಗೆ ನ್ಯಾಯ ಸಿಗುತ್ತದಲ್ಲವೇ?

ಉತ್ತರ: ‘ಸಿಕ್ಕವು’ ಅಂತ ಬರೆದಿದ್ದೀಯಲ್ಲ ತಮ್ಮಾ, ಸಿಗಲಿಲ್ಲ, ನೀನು ಹುಡುಕಿದೆ. ಗಿರಾಕಿ ಲಾಕ್ ನಂಬರ್ ಕೊಟ್ಟದ್ದು ಟಚ್ ನೋಡಲಿಕ್ಕೆ. ಅದಕ್ಕೆ ಚಾಟ್ ಓದಬೇಕಿಲ್ಲ.

ಆ ಫೋಟೊ ಗ್ರೂಪಿಗೆ ಬಿದ್ದರೆ ಭಾವ ನಾಲ್ಕು ದಿನ ಊರು ಬಿಟ್ಟಾನು. ಮಗುವನ್ನು ಶಾಲೆಗೆ ಬಿಡಲು ಅದೇ ಓಣಿಯಲ್ಲಿ, ಅವೇ ಕಣ್ಣುಗಳ ಮುಂದೆ ನಡೆಯಬೇಕಾದವಳು ಅಕ್ಕ. ಬೇಕೇ ಅಂತ ಅವಳನ್ನು ಕೇಳಿದೆಯಾ? ಇನ್ನು ಆ ಇನ್ನೊಬ್ಬಳು! ನಿನ್ನ ಕಾಗದದಲ್ಲಿ ಅವಳಿಗೆ ಒಂದೇ ಪದ, ‘ಬೇರೊಬ್ಬಳು’. ಅವನಿಗೆ ಮದುವೆಯಾದದ್ದೇ ಅವಳಿಗೆ ಗೊತ್ತಿಲ್ಲದಿರಬಹುದು. ಅವಳ ಮುಖವೂ ಊರೆಲ್ಲ ಸುತ್ತುತ್ತದೆ.

2015ರಲ್ಲಿ ಕೆನಡಾದ ಆ್ಯಶ್ಲಿ ಮ್ಯಾಡಿಸನ್ ಎಂಬ, ಮದುವೆಯಾದವರಿಗೆ ಗುಟ್ಟಿನ ಸಂಬಂಧ ಕುದುರಿಸುವ ತಾಣದ ಮಾಹಿತಿಯನ್ನು ಹ್ಯಾಕರ್‌ಗಳು ಕದ್ದು ಹೊರಹಾಕಿದರು. ಮೂರು ಕೋಟಿಗೂ ಹೆಚ್ಚು ಖಾತೆಗಳು. ಅಲ್ಲಿ ಇಮೇಲ್ ಯಾರದೆಂದು ಪರಿಶೀಲಿಸುತ್ತಲೇ ಇರಲಿಲ್ಲ. ಯಾರ ವಿಳಾಸ ಬೇಕಾದರೂ ಹಾಕಬಹುದಿತ್ತು. ಪಟ್ಟಿಯಲ್ಲಿ ಹೆಸರಿದ್ದ ಅಮೆರಿಕದ ಪಾದ್ರಿಯೊಬ್ಬರು ಪ್ರಾಣ ಕಳೆದುಕೊಂಡರು. ಹಣ ಕೊಡದಿದ್ದರೆ ಮನೆಗೆ ಹೇಳುತ್ತೇವೆಂದು ಹೆದರಿಸುವವರೂ ಹುಟ್ಟಿಕೊಂಡರು.

ಕಾನೂನಿನ ಲೆಕ್ಕವನ್ನೂ ಕೇಳು. 2018ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯ ದಂಡ ಸಂಹಿತೆಯ 497ನೇ ಕಲಂ ರದ್ದು ಮಾಡಿದ ಮೇಲೆ ವ್ಯಭಿಚಾರ ವಿಚ್ಛೇದನಕ್ಕೆ ಕಾರಣವೇ ಹೊರತು ಅಪರಾಧವಲ್ಲ. ಆದರೆ ಕೆಲಸಕ್ಕೆಂದು ನಂಬಿ ಕೊಟ್ಟಾಗ ಕೈಗೆ ಬಂದ ಖಾಸಗಿ ಮಾಹಿತಿಯನ್ನು ಕೇಡು ಬಯಸಿ ಹೊರಗೆ ಬಿಟ್ಟರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 72ಎ ಕಲಂನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಭಾವ ಮನೆಯಲ್ಲಿರುತ್ತಾನೆ, ನೀನು ಠಾಣೆಯಲ್ಲಿರುತ್ತೀಯ.

ಅಕ್ಕನಿಗೆ ಮೋಸವಾಗುತ್ತಿದ್ದರೆ ಅವಳಿಗೆ ತಿಳಿಯಬೇಕು, ಅದು ನಿಜ. ತಿಳಿಯಬೇಕಾದ್ದು ಅವಳಿಗೆ, ಓಣಿಗಲ್ಲ. ಮೊದಲು ಪೆನ್‌ಡ್ರೈವ್ ಖಾಲಿ ಮಾಡು. ಗೆಳೆಯನಿಗೇನಾದರೂ ಕಳಿಸಿದ್ದರೆ ಅದನ್ನೂ ಅಳಿಸಿಹಾಕಿಸು. ಆಮೇಲೆ ಭಾವನನ್ನು ಒಬ್ಬನೇ ಸಿಕ್ಕಾಗ ಕಂಡು, ‘ನೋಡಬಾರದ್ದು ನೋಡಿದೆ, ನನ್ನದು ತಪ್ಪು. ಅಕ್ಕನಿಗೆ ನೀವೇ ಹೇಳಿ’ ಎನ್ನು. ‘ಇಲ್ಲದಿದ್ದರೆ’ ಎಂಬ ಮಾತು ಮಾತ್ರ ಸೇರಿಸಬೇಡ, ಅಲ್ಲಿಂದಾಚೆ ಅದು ಬ್ಲ್ಯಾಕ್‌ಮೇಲ್. ಅಕ್ಕ ಮುಂದೊಂದು ದಿನ ತಾನೇ ಕರೆದು ಕೇಳಿದರೆ ಸುಳ್ಳು ಹೇಳಬೇಡ.