ಮಂಡ್ಯದ ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಪ್ರತಿ ಮರೆತು ಬಂದೆ, ಖಾತೆಯ ಹಣ ಹೋಗುತ್ತಾ?

ಬರೀ ಆ ಪ್ರತಿಯಿಂದ ಹೋಗುವುದಿಲ್ಲ. ಜೊತೆಗೆ ನಿಮ್ಮ ಬೆರಳಚ್ಚೂ ಸಿಕ್ಕರೆ ಹೋಗಬಹುದು. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಪುಟ್ಟ ಮಷೀನಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುತ್ತಾರಲ್ಲ, ಅದಕ್ಕೆ ಬೇಕಿರುವುದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಒಟಿಪಿ, ಪಿನ್ ಕೇಳುವುದೇ ಇಲ್ಲ. ಕಾಗದದ ಮೇಲಿನ ಹೆಬ್ಬೆಟ್ಟಿನ ಗುರುತನ್ನು ರಬ್ಬರಿನಂಥ ಅಚ್ಚಿಗೆ ಇಳಿಸಿ ಕಳ್ಳರು ದುಡ್ಡು ಎತ್ತಿದ್ದೂ ಇದೆ. ಪಾಸ್‌ವರ್ಡ್ ಆದರೆ ಬದಲಾಯಿಸಬಹುದು. ಬೆರಳು ಬದಲಾಯಿಸೋಕಾಗುತ್ತಾ?

ಅದಕ್ಕೇ ಬೆರಳಿಗೆ ಬೀಗ ಹಾಕಿ. ಆಧಾರ್ ವೆಬ್‌ಸೈಟಿನಲ್ಲಿ 'ಬಯೋಮೆಟ್ರಿಕ್ ಲಾಕ್' ಇದೆ, ಕಾಸು ಖರ್ಚಿಲ್ಲ. ಹಾಕಿದ ಮೇಲೆ ನಿಮ್ಮ ಅಸಲಿ ಬೆರಳನ್ನೂ ಮಷೀನು ಒಪ್ಪುವುದಿಲ್ಲ. ರೇಷನ್ ತರುವ ದಿನ ಸ್ವಲ್ಪ ಹೊತ್ತು ತೆಗೆಯಿರಿ. ಮರೆತರೆ ಕ್ಯೂನಿಂದ ಸುಮ್ನೆ ವಾಪಸ್ ಬರಬೇಕಾದೀತು, ಅಷ್ಟೇ.

ಇನ್ನು ಮೇಲೆ ಜೆರಾಕ್ಸ್ ಕೊಡುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಹೆಚ್ಚಿನ ಕಡೆ ಅಷ್ಟು ಸಾಕು. ನಿಮ್ಮ ಹೆಸರಲ್ಲಿ ಬೇರೆ ಯಾರಾದರೂ ಸಿಮ್ ತೆಗೆದುಕೊಂಡಿದ್ದಾರಾ ಅನ್ನೋದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಗೊತ್ತಾಗುತ್ತದೆ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.