ಹಡಗಲ್ಲಿ ವಾಂತಿ ಆಗುತ್ತಾ ಸಾರ್?

ಪ್ರಶ್ನೆ: ಕೆಆರ್‌ಎಸ್ ಬೋಟ್ ಬಿಟ್ರೆ ನೀರಿನ ಮೇಲೆ ಹೋದೋನಲ್ಲ ನಾನು, ಈಗ ಮನೇಲಿ ಎಲ್ರೂ ಹಡಗಲ್ಲೇ ಲಕ್ಷದ್ವೀಪಕ್ಕೆ ಹೋಗೋಣ ಅಂತಾವ್ರೆ, ವಾಂತಿ ಗೀಂತಿ ಆಗುತ್ತಾ ಸಾರ್?
– ಓದುಗ, ಮಂಡ್ಯ

ಉತ್ತರ: ಆಗ್ಬೋದು ಸ್ವಾಮಿ, ಸುಳ್ಳು ಯಾಕೆ ಹೇಳ್ಲಿ. ಕೊಚ್ಚಿಯಿಂದ ಹೊರಟ್ರೆ ಯಾವ ದ್ವೀಪ ಅನ್ನೋದರ ಮೇಲೆ 14ರಿಂದ 18 ಗಂಟೆ, ಅಂದ್ರೆ ರಾತ್ರಿ ಪೂರ್ತಿ ಸಮುದ್ರದ ಮೇಲೇನೆ. ಮಳೆಗಾಲದಲ್ಲಂತೂ ಬೇಡವೇ ಬೇಡ, ಅಲೆ ಜೋರು. ಡಾಕ್ಟ್ರನ್ನ ಕೇಳಿ ಮಾತ್ರೆ ಹತ್ತೋಕ್ ಮುಂಚೇನೆ ನುಂಗಿ, ಶುರುವಾದ್ಮೇಲೆ ನುಂಗಿದ್ರೆ ಅದೂ ಆಚೆ ಬರುತ್ತೆ, ಮತ್ತೆ ಸಿಕ್ಕಿದ್ರೆ ಕೆಳಗಿನ ಡೆಕ್‌ನಲ್ಲಿ ಹಡಗಿನ ನಡುಮಧ್ಯದ ಜಾಗ ಹಿಡೀರಿ, ತೂಗಾಟ ಅಲ್ಲೇ ಕಮ್ಮಿ. ಪರ್ಮಿಟ್ ಮೊದ್ಲೇ ಮಾಡಿಸ್ಕೊಳ್ಳಿ, ಅದಿಲ್ದೆ ದ್ವೀಪಕ್ಕೆ ಬಿಡಲ್ಲ. ಕೆಲವು ಕಡೆ ದೊಡ್ಡ ಹಡಗು ದಡದವರೆಗೂ ಹೋಗಲ್ಲ, ನಡುನೀರಲ್ಲೇ ಸಣ್ಣ ಬೋಟಿಗೆ ಇಳೀಬೇಕು, ಆಗ ನಿಮ್ಮ ಕೆಆರ್‌ಎಸ್ ಅನುಭವ ಕೆಲಸಕ್ಕೆ ಬಂದ್ರೂ ಬರ್ಬೋದು!