ಅವರೆಕಾಯಿಯಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ 'ವಿಶ್ವಕ್ಕೆ ಮಾನವಕುಲದ ಸಂದೇಶ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ನಾಲ್ಕನೇ ಪುಟದಲ್ಲಿ ಆರು ಸಾಲುಗಳಿವೆ. ಅವು ಇಲ್ಲದಿದ್ದರೆ ಈ ಪತ್ರವನ್ನು ಇಲ್ಲಿಗೇ ಮುಗಿಸುತ್ತಿದ್ದೆ.

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಶುರುವಿನ ಮೂರು ಪುಟಗಳಲ್ಲಿ 'ಮಾನವಕುಲ' ಹತ್ತೊಂಬತ್ತು ಸಲ ಬಂದಿದೆ. ಎಣಿಸಿದೆ, ನನ್ನ ಕೆಲಸವೇ ಅದು. 'ಅನಂತ', 'ಅಗಾಧ'ಗಳನ್ನು ಎಣಿಸಲು ಹೋಗಲಿಲ್ಲ. ಇಷ್ಟಾಗಿಯೂ ಬಾಹ್ಯಾಕಾಶಕ್ಕೆ ಬಿಟ್ಟ ಎರಡು ವಾಯೇಜರ್ ನೌಕೆಗಳ ಜೊತೆ, ಅಲ್ಲಿ ಯಾರಿಗಾದರೂ ಸಿಕ್ಕರೆ ಕೇಳಲಿ ಅಂತ ನಮ್ಮ ಮಾತು, ಹಾಡು ತುಂಬಿ ಕಳಿಸಿದ ಆ ತಟ್ಟೆ ನೋಡಲು ಹೇಗಿದೆ ಅಂತ ಎಲ್ಲೂ ಹೇಳಿಲ್ಲ. ಅದು 30 ಸೆಂಟಿಮೀಟರ್ ಅಗಲದ ತಾಮ್ರದ ತಟ್ಟೆ, ಮೇಲೆ ಚಿನ್ನದ ಲೇಪ. ನಮ್ಮ ಹಳೇ ಗ್ರಾಮಾಫೋನ್ ಪ್ಲೇಟಿನ ಜಾತಿಯದೇ. ನುಡಿಸಲು ಸೂಜಿಯನ್ನೂ ಜೊತೆಗಿಟ್ಟಿದ್ದಾರೆ. ಹೇಗೆ ನುಡಿಸಬೇಕು ಅಂತ ಮುಚ್ಚಳದ ಮೇಲೆ ಚಿತ್ರ ಕೊರೆದಿದ್ದಾರೆ. ಅದೇ ಮುಚ್ಚಳದಲ್ಲಿ ಚೂರು ಯುರೇನಿಯಂ ಇದೆ. ಸಿಕ್ಕವರು ಅದು ಎಷ್ಟು ಸವೆದಿದೆ ಅಂತ ನೋಡಿ ತಟ್ಟೆಯ ವಯಸ್ಸು ಲೆಕ್ಕ ಹಾಕಲಿ ಅಂತ. ಇದನ್ನು ಬರೆದರೆ 'ಅಗಾಧ' ಬೇಕಾಗುವುದೇ ಇಲ್ಲ, ಅಲ್ವಾ?

ತಪ್ಪುಗಳೂ ಇವೆ. ವಾಯೇಜರ್ ಅನ್ನು ಯಾವ ನಕ್ಷತ್ರಕ್ಕೂ ಗುರಿಯಿಟ್ಟು ಬಿಟ್ಟಿಲ್ಲ. ವಾಯೇಜರ್ 1 ಗುರು, ಶನಿ ನೋಡಿಕೊಂಡು ಹಾಗೇ ಹೊರಗೆ ಹೋಯಿತು. ಸುಮಾರು 40,000 ವರ್ಷ ಕಳೆದ ಮೇಲೆ ಗ್ಲೀಸೆ 445 ಎಂಬ ನಕ್ಷತ್ರದಿಂದ 1.6 ಜ್ಯೋತಿರ್ವರ್ಷ ದೂರದಲ್ಲಿ ಹಾದು ಹೋಗುತ್ತದೆ. ಅದಕ್ಕೆ 'ಹತ್ತಿರ' ಅನ್ನುತ್ತಾರೆ! ಇನ್ನು, ತಟ್ಟೆಯಲ್ಲಿ 'ಭಾರತದ ಎಲ್ಲ ಭಾಷೆಗಳೂ' ಇಲ್ಲ. ಒಟ್ಟು 55 ಭಾಷೆಗಳ ಶುಭಾಶಯ ಇದೆ. ಕನ್ನಡ, ತೆಲುಗು ಇವೆ, ತಮಿಳು, ಮಲಯಾಳಂ ಇಲ್ಲ. 1974ರಲ್ಲಿ ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಹೋದದ್ದು ಮೂರು ನಿಮಿಷದೊಳಗೆ ಮುಗಿದ ರೇಡಿಯೊ ಸಂದೇಶ, 1977ರಲ್ಲಿ ಹೋದದ್ದು ಈ ತಟ್ಟೆ. ಎರಡನ್ನೂ ಕಲಸಿದ್ದೀರಿ. ಅರೆಸಿಬೊ ತೆಗೆದುಬಿಡಿ, ಅದು ಬೇರೆ ಲೇಖನ.

ಈಗ ಆ ಆರು ಸಾಲು. ಅವರೆಕಾಯಿ ಬಿಡಿಸುತ್ತಾ ಕೂತಿದ್ದ ನಿಮ್ಮ ಅಜ್ಜಿಗೆ ಫೋನಿನಲ್ಲಿ ಆ ಕನ್ನಡ ಶುಭಾಶಯ ಕೇಳಿಸಿದಿರಿ. "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ಅಜ್ಜಿ ತಲೆ ಎತ್ತದೆ ಕೇಳಿದರು: "ಅಷ್ಟೇನಾ? ಊಟ ಆಯ್ತಾ ಅಂತ ಕೇಳ್ಲಿಲ್ವಾ?" ನೀವು ಅದಕ್ಕೆ 'ಹಳ್ಳಿಯ ಮುಗ್ಧತೆ' ಅಂತ ಹೆಸರಿಟ್ಟು, ಮುಂದಿನ ಪ್ಯಾರಾದಲ್ಲಿ ಮತ್ತೆ ಮಾನವಕುಲದ ಕಡೆ ಹೊರಟಿರಿ.

ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ಮುಗ್ಧರು ನೀವು. ಅದೇ ತಟ್ಟೆಯಲ್ಲಿ ಚೀನಾ ಕಡೆಯ ಅಮೊಯ್ ನುಡಿಯಲ್ಲಿ ಒಬ್ಬರು ಕೇಳಿರುವುದು ಇದನ್ನೇ. ಬಾಹ್ಯಾಕಾಶದ ಗೆಳೆಯರೇ, ಹೇಗಿದ್ದೀರಿ, ಊಟ ಆಯ್ತಾ, ಬಿಡುವಾದಾಗ ಬನ್ನಿ ಅಂತ. ರಾಜಸ್ಥಾನಿಯಲ್ಲಿ ಮಾತಾಡಿದವರು ನಾವಿಲ್ಲಿ ಸುಖವಾಗಿದ್ದೇವೆ, ನೀವಲ್ಲಿ ಸುಖವಾಗಿರಿ ಅಂದಿದ್ದಾರೆ. ನಮ್ಮ ಇನ್‌ಲ್ಯಾಂಡ್ ಲೆಟರಿನ 'ನಾವೆಲ್ಲ ಇಲ್ಲಿ ಕ್ಷೇಮ' ನೆನಪಾಗಲಿಲ್ವಾ ನಿಮಗೆ? ಸ್ವೀಡಿಷ್ ಮಾತಾಡಿದವರಂತೂ ತಾವು ಅಮೆರಿಕದ ಇಥಾಕಾ ಎಂಬ ಪುಟ್ಟ ಊರಿನ ಕಂಪ್ಯೂಟರ್ ಪ್ರೋಗ್ರಾಮರ್ ಅಂತ ಹೇಳಿಕೊಂಡಿದ್ದಾರೆ. ಕನ್ನಡದ್ದು ಮಾತ್ರ ಸಭೆಯ ಮಾತು. 'ಪರವಾಗಿ' ಅಂದ ಕೂಡಲೇ ಹಾರ, ಶಾಲು, ವಂದನಾರ್ಪಣೆ ಎಲ್ಲ ಕಣ್ಣ ಮುಂದೆ ಬರುತ್ತದೆ. ಹೇಳಿದವರದು ತಪ್ಪಲ್ಲ. ಚಿಕ್ಕದಾಗಿರಲಿ ಅಂದಿದ್ದರೇ ಹೊರತು ಏನು ಹೇಳಬೇಕು ಅಂತ ಯಾರೂ ಬರೆದುಕೊಟ್ಟಿರಲಿಲ್ಲ. ಮೈಕ್ ಮುಂದೆ ನಿಂತರೆ ನಾನೂ ಹಾಗೇ ಮಾತಾಡುತ್ತೇನೆ. ನಿಮ್ಮ ಮೊದಲ ಮೂರು ಪುಟಗಳೂ ಹೀಗೇ, ಯಾರದೋ ಪರವಾಗಿ ಬರೆದವು. ನಾಲ್ಕನೆಯದರಲ್ಲಿ ಮಾತ್ರ ನೀವಿದ್ದೀರಿ.

ಇನ್ನೊಂದು. 'ಭಾರತೀಯ ಸಂಗೀತವೂ ಇದೆ' ಅಂತ ಒಂದೇ ಸಾಲಲ್ಲಿ ದಾಟಿಸಿದ್ದೀರಿ. ಅದು ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ, ಮೂರೂವರೆ ನಿಮಿಷ. ಹಾಡಿನ ಮೊದಲ ಮಾತೇ ಎಲ್ಲಿಗೆ ಹೊರಟೆ ಅಂತ. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು ಅನ್ನುವುದು ನಮ್ಮ ಮನೆಗಳ ಕಾನೂನು. ನಾವೋ, ವಾಪಸ್ ಬರದ ನೌಕೆಯೊಳಗೇ ಆ ಪ್ರಶ್ನೆ ಇಟ್ಟು ಕಳಿಸಿದ್ದೇವೆ! 1977ರ ಸೆಪ್ಟೆಂಬರ್ 5ರಂದು ವಾಯೇಜರ್ 1 ಹೊರಟಿತು. ಹನ್ನೊಂದು ದಿನಕ್ಕೆ, 16ರಂದು, ಕೇಸರಬಾಯಿ ತೀರಿಕೊಂಡರು. ಇದರ ಬಗ್ಗೆ ಅಜ್ಜಿ ಏನಂತಾರೋ ಕೇಳಿ ನೋಡಿ.

900 ಪದ ಸಾಕು. ಅವರೆಕಾಯಿಯಿಂದ ಶುರು ಮಾಡಿ. ಅಮೊಯ್ ಶುಭಾಶಯವನ್ನೂ ಅಜ್ಜಿಗೆ ಕೇಳಿಸಿ, ಅರ್ಥ ಹೇಳಿ, ಅವರು ಏನಂದರೋ ಹಾಗೇ ಬರೆಯಿರಿ. ಏನೂ ಅನ್ನದೆ ಕಾಯಿ ಬಿಡಿಸುತ್ತಾ ಕೂತರೆ ಅದನ್ನೇ ಬರೆಯಿರಿ, ಸುಮ್ನೆ ಏನೂ ಸೇರಿಸಬೇಡಿ. ಅವರೆ ಸೀಸನ್ ಮುಗಿಯುವುದರೊಳಗೆ ಕಳಿಸಿದರೆ ಒಳ್ಳೆಯದು.

ಇಂತಿ,
ಸಂಪಾದಕ